ಸರ್ವೆ ನಂಬರಿಲ್ಲದ ಸಮುದ್ರ

ಅದು ಸಿಕ್ಕಿದ್ದು ರೆಕಾರ್ಡ್ ರೂಮಿನ ಹಿಂದಿನ ಕಪಾಟಲ್ಲಿ,
ಆಕಾರಬಂದಿನ ಕಟ್ಟಿಗೆ ಹೊದಿಕೆಯಾಗಿ.
ಕೆಂಪು ಬಟ್ಟೆ ತೀರಿಹೋದ ಯಾವುದೋ ವರ್ಷ
ಯಾವನೋ ಜವಾನ ಕೈಗೆ ಬಂದ ದಪ್ಪ ಹಾಳೆಯನ್ನೇ
ಸುತ್ತಿ, ಹುರಿ ಬಿಗಿದು, ಮರೆತಿದ್ದ.
ಪಾಲಯ್ಯ ಧೂಳು ಕೊಡವಿದ. ಸೀನಿದ.
"ಅಮ್ಮಾರೆ, ಇದು ನಮ್ಮ ಹೋಬಳಿ ಅಲ್ಲ."

ಅಲ್ಲ. ಕಿಟಕಿಯ ಬೆಳಕಿಗೆ ಹಿಡಿದೆ.
ನಡುವೆ ನೀರು, ಕವಲೊಡೆದ ಬೇವಿನ ಕಡ್ಡಿಯ ಹಾಗೆ.
ಸುತ್ತ ಒತ್ತೊತ್ತಿ ನಿಂತ ಊರುಗಳು,
ಒಂದೊಂದಕ್ಕೂ ಎಳ್ಳಿನಷ್ಟು ಗೋಪುರ.
ಮೂಲೆಗಳಲ್ಲಿ ಕೆನ್ನೆಯುಬ್ಬಿಸಿ ಗಾಳಿ ಊದುವ ಮುಖಗಳು.
ಇಂಗ್ಲಿಷಿನಂತೆ ಕಂಡೂ ಇಂಗ್ಲಿಷಲ್ಲದ ಬರಹದಲ್ಲಿ
ನನಗೆ ದಕ್ಕಿದ್ದು ಒಂದೇ ಪದ: ಬಾಲ್ಟಿಕುಮ್.

ನಾನು ಟ್ರೇಸರ್. ಮೂವತ್ತೊಂದು ವರ್ಷ
ಚಿತ್ರದುರ್ಗದ ಸರ್ವೆ ಕಚೇರಿಯಲ್ಲಿ
ಬೇರೆಯವರ ಗೆರೆಗಳ ಮೇಲೆ ನಡೆದವಳು.
ಬಿಸಿಲಿಗೆ ಹೋಗಿ ಅಳೆದವರು ಗಂಡಸರು,
ಹದಿನಾರು ಆಣೆಗೆ ಒಂದು ಸರಪಳಿ;
ಟಿಪ್ಪಣಿಯ ಬೆವರಿನ ಕಲೆಯೊಂದನ್ನು ಬಿಟ್ಟು
ಉಳಿದದ್ದೆಲ್ಲ ನೀಲಿ ಬಟ್ಟೆಗೆ ಇಳಿಸಿದ್ದು ನಾನು.
ಬಾಂದುಕಲ್ಲು, ಬಂಡಿದಾರಿ, ಗುಂಡುತೋಪು.
ಯಾರ ಉಳುಮೆಗೂ ಒಗ್ಗದ ಬಂಡೆಗೆ, ಹಳ್ಳಕ್ಕೆ: ಖರಾಬು.
ನಮ್ಮ ಲೆಕ್ಕಕ್ಕೆ ಈ ಸಮುದ್ರವೂ ಖರಾಬೇ.
ಕಂದಾಯವಿಲ್ಲ, ಸರ್ವೆ ನಂಬರಿಲ್ಲ.

ಊಟದ ಹೊತ್ತಿಗೆ ಭೂತಗನ್ನಡಿ ತಂದು ಕೂತೆ.
ತಾಮ್ರದ ತಗಡಿನಿಂದ ಒತ್ತಿದ ಅಚ್ಚು.
ಅಂದರೆ ಆತ ಕೊರೆದದ್ದೆಲ್ಲ ತಿರುವುಮುರುವು,
ಪೂರ್ವವನ್ನು ಎಡಕ್ಕಿಟ್ಟುಕೊಂಡು,
ಪ್ರತಿ ಊರನ್ನೂ ಕೊನೆಯಕ್ಷರದಿಂದ ಕರೆಯುತ್ತ.
ಬಣ್ಣ ಮಾತ್ರ ಕೈಯದು.
ಒಂದು ಕಡೆ ಹಸಿರು ಗಡಿ ದಾಟಿ ಹರಿದಿದೆ:
ಮಗು ಅತ್ತಿರಬೇಕು, ಹಾಲು ಉಕ್ಕಿರಬೇಕು,
ಅವಳು ಎದ್ದುಹೋಗಿ ಬರುವುದರೊಳಗೆ
ಒದ್ದೆ ತಾನಾಗಿ ನಡೆದಿದೆ.
ಅವಳು ಅಂದೆನಲ್ಲ. ಇರಲಿ.

ಎರಡು ತಪ್ಪು ಹಿಡಿದೆ, ಸೂಪರ್‌ವೈಸರಿನ ಖುಷಿಯಲ್ಲಿ.
ಒಂದು, ನಡುನೀರಿನ ಮೇಲೆ ಕುದುರೆ,
ಹಿಂದೆ ಗಾಲಿಯಿಲ್ಲದ ಗಾಡಿ.
ಕುಡಿದು ಕೊರೆದಿದ್ದಾನೆ ಅಂದುಕೊಂಡೆ.
ಭೂಗೋಳದ ಜಮೀಲಾ ಟೀಚರ್ ನಕ್ಕರು.
"ಚಳಿಗಾಲಕ್ಕೆ ಆ ನೀರು ಹೆಪ್ಪುಗಟ್ಟತ್ತೆ ಕಣ್ರೀ,
ಮೊಸರಿನ ಥರ ಅಲ್ಲ, ನಮ್ಮ ಬಂಡೆ ಥರ.
ಜನ ನಡಕೊಂಡೇ ದಾಟೋರು."
ಕಿಟಕಿಯಾಚೆ ಕೋಟೆಬೆಟ್ಟ ನೋಡಿದೆ,
ಯಾವ ಬೇಸಿಗೆಗೂ ಕರಗದ ಅದರ ಅಲೆಗಳನ್ನು.

ಎರಡನೆಯದಕ್ಕೆ ಅವರೂ ಅಟ್ಲಾಸು ತೆರೆದರು, ಮುಚ್ಚಿದರು.
ಜೋಳದ ಕಾಳಿನಷ್ಟು ದ್ವೀಪ. ಹೆಸರೂ ಇದೆ.
ಅಲ್ಲಿ ಅಂಥದ್ದು ಏನೂ ಇಲ್ಲವಂತೆ.
"ಮುಳುಗಿರಬೇಕು" ಅಂದರು.

ಮುಳುಗಿಲ್ಲ, ನನಗೆ ಗೊತ್ತು.
ಉಳಿ ಜಾರಿದೆ. ತಾಮ್ರ ದುಬಾರಿ.
ಬೆಳಗಾದರೆ ಅಚ್ಚಿನವನು ಬಂದು ನಿಲ್ಲುತ್ತಾನೆ.
ಜಾರಿದ ಗೀಟಿನ ಸುತ್ತ ಒಂದು ದಂಡೆ ಎಳೆದು,
ಮಗಳದೋ ಅತ್ತೆಯದೋ ಹೆಸರಿಟ್ಟು,
ದೀಪ ಆರಿಸಿ ಮಲಗಿದ್ದಾನೆ.

ಎಂಬತ್ತಾರರ ಮಾರ್ಚಿ. ವರ್ಷಾಂತ್ಯದ ಲೆಕ್ಕ.
ಹೊಳಲ್ಕೆರೆ ಕಡೆಯ ಒಂದು ಹಳ್ಳಿಯ ಮೇಲೆ
ನನ್ನ ಪೆನ್ನಿಂದ ತೊಟ್ಟು ಬಿತ್ತು.
ಕೆರೆಯಲು ಬ್ಲೇಡು ಹುಡುಕಿದೆ. ಆಮೇಲೆ
ಅದಕ್ಕೊಂದು ಕಾಂಡ ಕೊಟ್ಟೆ, ಕೊಂಬೆ ಕೊಟ್ಟೆ,
ಪಕ್ಕದಲ್ಲಿ ಸಣ್ಣಗೆ ಬರೆದೆ: ಹುಣಸೆ.

ಒಂಬತ್ತು ವರ್ಷದ ಮೇಲೆ ಅಣ್ಣತಮ್ಮಂದಿರಿಬ್ಬರು
ನಕಲು ಹಿಡಿದು ಕೌಂಟರಿಗೆ ಬಂದರು.
ಮರ ಇತ್ತೇ ಎಂಬುದಲ್ಲ ವ್ಯಾಜ್ಯ,
ಕಡಿದವನು ಯಾರು ಎಂಬುದು.
ದೊಡ್ಡವನು ಅದರ ನೆರಳಲ್ಲಿ ಆಡಿದ್ದನಂತೆ.
ಚಿಕ್ಕವನಿಗೆ ಅದರ ಹುಳಿ ಇನ್ನೂ ನೆನಪಿತ್ತು.
ಪಾಲಯ್ಯ ಅವರಿಗೆ ನೀರು ಕೊಟ್ಟ.
ನಾನು ಫೈಲಿನಿಂದ ತಲೆ ಎತ್ತಲಿಲ್ಲ.

ಅಯ್ಯಾ, ತಾಮ್ರ ಕೊರೆದವನೇ,
ನಿನ್ನ ದ್ವೀಪ ಕೇಳಿಕೊಂಡು ಯಾರಾದರೂ ಬಂದರೇ?
ಅಲ್ಲಿ ತನ್ನಜ್ಜಿಯ ಮನೆ ಇತ್ತು ಅಂದರೇ?

ಹಾಳೆಯನ್ನು ಬೇರೆಯಾಗಿ ಸುರುಳಿ ಸುತ್ತಿದೆವು.
ಜೋಗಿಮಟ್ಟಿಯ ಕಡೆ ಗಾಳಿಯಂತ್ರಗಳು
ಯಾರದೋ ಉಸಿರಿಗೆ ತಿರುಗುತ್ತಿದ್ದವು.
"ಯಾವ ಹೋಬಳಿ ಅಂತ ಬರೀಲಿ?" ಪಾಲಯ್ಯ ಕೇಳಿದ.
ಖಾಲಿ ಬಿಡು ಅಂದೆ.
"ರಿಜಿಸ್ಟ್ರಲ್ಲಿ ಖಾಲಿ ಬಿಡಂಗಿಲ್ಲ ಅಮ್ಮಾರೆ"
ಅನ್ನುತ್ತ ಪೆನ್ನು ನನ್ನ ಕಡೆ ಚಾಚಿದ.